ಮಗುವಿನ ಕುತ್ತಿಗೆಯಲ್ಲಿ ಥೈರಾಯ್ಡ್ ಗಂಟು ಕಂಡರೆ ಮೊದಲ ದಿನದಿಂದ ಏನೇನು ಮಾಡಬೇಕು

ನನ್ನ ಮಗಳಿಗೆ ಆಗ 12 ವರ್ಷ. ಸ್ಕೂಲಿಗೆ ಹೊರಡುವ ಮುಂಚೆ ಜಡೆ ಹಾಕುತ್ತಿದ್ದೆ. ಅವಳು ಕತ್ತೆತ್ತಿ ನೀರು ಕುಡಿದಾಗ ಎದುರಿನ ಕನ್ನಡಿಯಲ್ಲಿ ಕುತ್ತಿಗೆಯ ಬಲಗಡೆ ಏನೋ ಮೇಲೆದ್ದು ಕೆಳಗಿಳಿದಂತೆ ಕಂಡಿತು. ಮುಟ್ಟಿ ನೋಡಿದರೆ ಸಣ್ಣ ಅಡಿಕೆಯಷ್ಟು ಗಂಟು. ನೋವಿಲ್ಲ, ಜ್ವರವಿಲ್ಲ, ಹುಡುಗಿ ಎಂದಿನಂತೆ ಆಡಿಕೊಂಡಿದ್ದಳು. ಮೊದಲು ತೋರಿಸಿದ ಕಡೆ ರಕ್ತ ಪರೀಕ್ಷೆ ಮಾಡಿಸಿದರು. ಟಿಎಸ್ಎಚ್, ಅಂದರೆ ಥೈರಾಯ್ಡ್‌ಗೆ ಕೆಲಸ ಮಾಡು ಅಂತ ಹೇಳುವ ಹಾರ್ಮೋನ್, ನಾರ್ಮಲ್ ಬಂತು. "ಏನೂ ಇಲ್ಲಮ್ಮ, ದೊಡ್ಡವಳಾಗುವ ವಯಸ್ಸಲ್ಲಿ ಹೀಗಾಗುತ್ತೆ" ಅಂದರು. ನಾವು ನಂಬಿ ಮನೆಗೆ ಬಂದೆವು, ಆರು ತಿಂಗಳು ಸುಮ್ನೆ ಕೂತೆವು.

ಕೊನೆಗೆ ಅವಳದು ಕ್ಯಾನ್ಸರ್ ಅಲ್ಲ ಅಂತ ಗೊತ್ತಾಯಿತು. ಆದರೂ ಆ ಆರು ತಿಂಗಳು ನನಗೆ ಇವತ್ತಿಗೂ ಚುಚ್ಚುತ್ತದೆ. ನಾನು ಡಾಕ್ಟರ್ ಅಲ್ಲ, ಒಬ್ಬ ಅಮ್ಮ. ಆ ಮೇಲೆ ಮೂರು ವರ್ಷ ಮಕ್ಕಳ ಹಾರ್ಮೋನ್ ತಜ್ಞರು, ಸ್ಕ್ಯಾನಿಂಗ್ ಮಾಡಿದವರು, ಸರ್ಜನ್ ಎಲ್ಲರನ್ನೂ ಕೇಳಿ ಕೇಳಿ ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಇದರಲ್ಲಿ ಒಂದೇ ಒಂದು ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ: ಟಿಎಸ್ಎಚ್ ಹೇಳುವುದು ಗ್ರಂಥಿ ಹೇಗೆ ಕೆಲಸ ಮಾಡುತ್ತಿದೆ ಅಂತ. ಅದರೊಳಗಿನ ಗಂಟು ಎಂಥದು ಅಂತ ಅದು ಹೇಳುವುದಿಲ್ಲ. ಥೈರಾಯ್ಡ್ ಕ್ಯಾನ್ಸರ್ ಇರುವ ಬಹಳಷ್ಟು ಮಕ್ಕಳಲ್ಲೂ ಟಿಎಸ್ಎಚ್ ನಾರ್ಮಲ್ ಆಗಿಯೇ ಇರುತ್ತದೆ.

ಇಷ್ಟು ಒತ್ತಿ ಹೇಳಲು ಕಾರಣವಿದೆ. ದೊಡ್ಡವರಲ್ಲಿ ಥೈರಾಯ್ಡ್ ಗಂಟು ತುಂಬಾ ಸಾಮಾನ್ಯ, ಅವುಗಳಲ್ಲಿ 100ಕ್ಕೆ 5ರಿಂದ 10 ಮಾತ್ರ ಕ್ಯಾನ್ಸರ್ ಆಗಿರುತ್ತವೆ. ಮಕ್ಕಳಲ್ಲಿ ಗಂಟು ಕಾಣುವುದೇ ಕಡಿಮೆ, 100 ಮಕ್ಕಳಲ್ಲಿ ಒಬ್ಬಿಬ್ಬರಿಗೆ. ಆದರೆ ಕಂಡಾಗ ಕ್ಯಾನ್ಸರ್ ಇರುವ ಸಾಧ್ಯತೆ ಜಾಸ್ತಿ, 100ಕ್ಕೆ ಸುಮಾರು 20ರಿಂದ 25. ಅಂದರೆ ನಾಲ್ಕರಲ್ಲಿ ಮೂರು ಗಂಟು ಅಪಾಯವಿಲ್ಲದವು. ಹೆದರಿ ನಿದ್ದೆ ಬಿಡಬೇಕಾಗಿಲ್ಲ, ಹಾಗಂತ "ನೋಡೋಣ ಬಿಡಿ" ಅನ್ನುವಂತೆಯೂ ಇಲ್ಲ. ಅಮೆರಿಕನ್ ಥೈರಾಯ್ಡ್ ಅಸೋಸಿಯೇಷನ್ 2015ರಲ್ಲಿ ಮಕ್ಕಳಿಗೆಂದೇ ಬೇರೆ ಮಾರ್ಗಸೂಚಿ ತಂದದ್ದು ಇದಕ್ಕೇ. 2022ರಲ್ಲಿ ಯುರೋಪಿನ ತಜ್ಞರೂ ತಂದರು.

ಮನೆಯಲ್ಲೇ ನೋಡುವುದು ಹೀಗೆ

ಮಗುವನ್ನು ಬೆಳಕಿನ ಎದುರು ಕೂರಿಸಿ. ಗದ್ದ ಸ್ವಲ್ಪ ಮೇಲೆತ್ತಲು ಹೇಳಿ, ಒಂದು ಗುಟುಕು ನೀರು ಕುಡಿಸಿ. ಥೈರಾಯ್ಡ್ ಗ್ರಂಥಿ ಇರುವುದು ಕುತ್ತಿಗೆಯ ಮುಂದೆ, ಕೆಳಭಾಗದಲ್ಲಿ, ಚಿಟ್ಟೆ ರೆಕ್ಕೆ ಬಿಚ್ಚಿದ ಹಾಗೆ. ನುಂಗುವಾಗ ಗಂಟೂ ಮೇಲೆ ಹೋಗಿ ಕೆಳಗೆ ಬಂದರೆ ಅದು ಥೈರಾಯ್ಡ್‌ಗೆ ಸೇರಿದ್ದು ಅನ್ನುವ ಗುಮಾನಿ ಗಟ್ಟಿಯಾಗುತ್ತದೆ. ಕುತ್ತಿಗೆಯ ನಟ್ಟನಡುವೆ ಇದ್ದು, ನಾಲಿಗೆ ಹೊರಗೆ ಚಾಚಿದಾಗಲೂ ಮೇಲೆ ಹೋದರೆ ಅದು ಹುಟ್ಟಿನಿಂದ ಬಂದ ನೀರುಗುಳ್ಳೆ ಇರಬಹುದು, ಅದಕ್ಕೆ ಥೈರೋಗ್ಲಾಸಲ್ ಸಿಸ್ಟ್ ಅನ್ನುತ್ತಾರೆ. (ಅದನ್ನು ತೆಗೆಸುವ ಮುಂಚೆಯೂ ಸ್ಕ್ಯಾನಿಂಗ್‌ನಲ್ಲಿ ಥೈರಾಯ್ಡ್ ಅದರ ಜಾಗದಲ್ಲಿದೆಯಾ ಅಂತ ನೋಡಿಸಲೇಬೇಕು. ಅಪರೂಪಕ್ಕೆ ಆ ಉಬ್ಬೇ ಮಗುವಿಗಿರುವ ಒಂದೇ ಥೈರಾಯ್ಡ್ ಆಗಿರುತ್ತದೆ.) ದವಡೆಯ ಕೆಳಗೆ, ಕತ್ತಿನ ಪಕ್ಕದಲ್ಲಿ, ನೆಗಡಿ ಗಂಟಲುನೋವು ಬಂದ ಮೇಲೆ ಎದ್ದ ಗಂಟುಗಳು ಸಾಮಾನ್ಯವಾಗಿ ದುಗ್ಧಗ್ರಂಥಿಗಳು (ಸೋಂಕು ತಡೆಯುವ ಸಣ್ಣ ಗ್ರಂಥಿಗಳು, ಲಿಂಫ್ ನೋಡ್), ಕೆಲವು ವಾರಗಳಲ್ಲಿ ಇಳಿಯುತ್ತವೆ. ಇಳಿಯದಿದ್ದರೆ ತೋರಿಸಿ, ನಮ್ಮ ದೇಶದಲ್ಲಿ ಟಿಬಿಯನ್ನೂ ಮರೆಯುವಂತಿಲ್ಲ.

ಗಂಟನ್ನು ಒತ್ತಬೇಡಿ, ಎಣ್ಣೆ ಹಾಕಿ ತಿಕ್ಕಬೇಡಿ, ಲೇಪ ಹಚ್ಚಬೇಡಿ.

ಕೆಲವು ಲಕ್ಷಣ ಇದ್ದರೆ ಆ ವಾರವೇ ಡಾಕ್ಟರ ಹತ್ತಿರ ಹೋಗಿ. ದನಿ ಒಡೆದು ಹಾಗೇ ಉಳಿದಿದೆ, ಅನ್ನ ನುಂಗಲು ಕಷ್ಟ, ಗಂಟು ಕಲ್ಲಿನಂತೆ ಗಟ್ಟಿ, ಬೇಗ ಬೆಳೆಯುತ್ತಿದೆ, ಜೊತೆಗೆ ಕುತ್ತಿಗೆಯ ಪಕ್ಕದಲ್ಲೂ ಗಂಟುಗಳಿವೆ, ಇಂಥವು. ಉಸಿರಾಟಕ್ಕೇ ತೊಂದರೆ ಆಗುತ್ತಿದ್ದರೆ ಅವತ್ತೇ ಹೋಗಿ.

ಡಾಕ್ಟರಿಗೆ ಹೇಳಬೇಕಾದ್ದನ್ನು ಮೊದಲೇ ಬರೆದಿಟ್ಟುಕೊಳ್ಳಿ

ಒಂದು ಹಾಳೆ ಸಾಕು. ಗಂಟು ಯಾವತ್ತು ಕಂಡಿತು, ಆಮೇಲೆ ಬೆಳೆದಿದೆಯಾ. ಮಗುವಿಗೆ ಹಿಂದೆ ಯಾವುದಾದರೂ ಕಾಯಿಲೆಗೆ ಕುತ್ತಿಗೆ, ಎದೆ, ತಲೆಗೆ ರೇಡಿಯೇಷನ್ ಕೊಟ್ಟಿದ್ದಾರಾ. ಇದು ತುಂಬಾ ಮುಖ್ಯ. ಮಕ್ಕಳ ಥೈರಾಯ್ಡ್‌ಗೆ ವಿಕಿರಣ ಎಷ್ಟು ಕೆಟ್ಟದ್ದು ಅಂತ ಜಗತ್ತು ಕಂಡದ್ದು 1986ರ ಚೆರ್ನೋಬಿಲ್ ಅಣು ದುರಂತದ ನಂತರ. ಹುಲ್ಲಿನ ಮೇಲೆ ಬಿದ್ದ ವಿಕಿರಣ ಅಯೋಡಿನ್ ಹಸುವಿನ ಹಾಲಿಗೆ ಬಂತು, ಹಾಲು ಕುಡಿದ ಪುಟ್ಟ ಮಕ್ಕಳ ಥೈರಾಯ್ಡ್ ಅದನ್ನು ಹೀರಿಕೊಂಡಿತು. ಕೆಲವೇ ವರ್ಷಗಳಲ್ಲಿ ಬೆಲಾರೂಸ್, ಉಕ್ರೇನ್ ಕಡೆ ಮಕ್ಕಳ ಥೈರಾಯ್ಡ್ ಕ್ಯಾನ್ಸರ್ ಏರಿತು. ಹಾಗಾಗಿ ಚಿಕ್ಕಂದಿನಲ್ಲಿ ಕ್ಯಾನ್ಸರ್‌ಗೆ ರೇಡಿಯೇಷನ್ ಪಡೆದ ಮಗುವಿನ ಕುತ್ತಿಗೆಯನ್ನು ಪ್ರತಿ ವರ್ಷವಾದರೂ ಡಾಕ್ಟರ್ ಮುಟ್ಟಿ ನೋಡಬೇಕು.

ಇನ್ನೊಂದು, ಮನೆತನದ ವಿಷಯ. ಅಜ್ಜ ಅಜ್ಜಿ, ಅತ್ತೆ ಮಾವ, ಚಿಕ್ಕಪ್ಪ ದೊಡ್ಡಪ್ಪ, ಯಾರಿಗಾದರೂ ಥೈರಾಯ್ಡ್ ಕ್ಯಾನ್ಸರ್, ಮೂತ್ರಪಿಂಡದ ಮೇಲಿನ ಅಡ್ರಿನಲ್ ಗ್ರಂಥಿಯಲ್ಲಿ ಗಡ್ಡೆ, ಕರುಳಿನಲ್ಲಿ ತುಂಬಾ ಪಾಲಿಪ್‌ಗಳು, ಸಣ್ಣ ವಯಸ್ಸಿನಲ್ಲೇ ಹಲವು ಗಂಟುಗಳ ಗಳಗಂಡ ಇತ್ತಾ ಅಂತ ಕೇಳಿ. ನಮ್ಮಲ್ಲಿ ಮನೆಯವರ ಕಾಯಿಲೆಯನ್ನು ಮುಚ್ಚಿಡುವ ಅಭ್ಯಾಸವಿದೆ, ಮಗುವಿನ ವಿಷಯದಲ್ಲಿ ಅದು ಬೇಡ. ಮೆಡುಲರಿ ಅನ್ನುವ ಬಗೆಯ ಕ್ಯಾನ್ಸರ್ ಮಕ್ಕಳಲ್ಲಿ ಹೆಚ್ಚಾಗಿ ಆರ್‌ಇಟಿ ಅನ್ನುವ ಜೀನ್‌ನ ದೋಷದಿಂದ ಮನೆತನದಲ್ಲಿ ಹರಿಯುತ್ತದೆ. ಒಬ್ಬರಲ್ಲಿ ಗೊತ್ತಾದರೆ ಉಳಿದ ಮಕ್ಕಳ ರಕ್ತ ಪರೀಕ್ಷಿಸಿ, ಕಾಯಿಲೆ ಶುರುವಾಗುವ ಮುಂಚೆಯೇ ತಡೆಯಬಹುದು.

ಯಾರಿಗೆ ತೋರಿಸುವುದು

ಮಕ್ಕಳ ಡಾಕ್ಟರಿಂದ ಶುರು ಮಾಡಿ, ಆದರೆ ಅಲ್ಲಿಗೇ ನಿಲ್ಲಬೇಡಿ. ಮಕ್ಕಳ ಹಾರ್ಮೋನ್ ತಜ್ಞರು, ಅಂದರೆ ಪೀಡಿಯಾಟ್ರಿಕ್ ಎಂಡೋಕ್ರೈನಾಲಜಿಸ್ಟ್, ಸಿಕ್ಕರೆ ಅವರೇ ಸರಿ. ಊರಿನಲ್ಲಿ ಸಿಗದಿದ್ದರೆ ಹತ್ತಿರದ ಮೆಡಿಕಲ್ ಕಾಲೇಜು ಆಸ್ಪತ್ರೆಗೆ ಹೋಗಿ. ಬೆಂಗಳೂರಿನಲ್ಲಿ ಸರ್ಕಾರದ್ದೇ ಆದ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ ಇದೆ, ಕ್ಯಾನ್ಸರ್‌ಗೆ ಕಿದ್ವಾಯಿ ಇದೆ.

ರಕ್ತ ಪರೀಕ್ಷೆ ಬೇಡ ಅಂತಲ್ಲ. ಟಿಎಸ್ಎಚ್ ತುಂಬಾ ಕಡಿಮೆ ಇದ್ದರೆ ಗಂಟೇ ಜಾಸ್ತಿ ಹಾರ್ಮೋನ್ ಸುರಿಸುತ್ತಿರಬಹುದು, ಆಗ ನ್ಯೂಕ್ಲಿಯರ್ ಥೈರಾಯ್ಡ್ ಸ್ಕ್ಯಾನ್ ಮಾಡಿಸುತ್ತಾರೆ. ಟಿಎಸ್ಎಚ್ ಜಾಸ್ತಿ ಇದ್ದು ಆ್ಯಂಟಿಬಾಡಿ ಇದ್ದರೆ ಹಶಿಮೊಟೊ ಕಾಯಿಲೆ ಇರಬಹುದು, ಅಂದರೆ ದೇಹದ ರಕ್ಷಣಾ ಶಕ್ತಿಯೇ ಥೈರಾಯ್ಡ್ ಮೇಲೆ ದಾಳಿ ಮಾಡುವುದು. ಅದರಲ್ಲಿ ಗ್ರಂಥಿಯೇ ಉಬ್ಬುತಗ್ಗಾಗಿರುತ್ತದೆ, ಆದರೆ "ಹಶಿಮೊಟೊ ಇದೆ, ಅದಕ್ಕೇ ಗಂಟು" ಅಂತ ಸ್ಕ್ಯಾನಿಂಗ್ ಬಿಡುವಂತಿಲ್ಲ. ಥೈರಾಯ್ಡ್ ತಯಾರಿಸುವ ಥೈರೊಗ್ಲೋಬುಲಿನ್ ಅನ್ನುವ ಪ್ರೋಟೀನಿನ ಪರೀಕ್ಷೆಯಿಂದ ಈ ಹಂತದಲ್ಲಿ ಗಂಟಿನ ಬಗ್ಗೆ ಏನೂ ತಿಳಿಯುವುದಿಲ್ಲ, ಅದರ ಕೆಲಸ ಕ್ಯಾನ್ಸರ್ ಆಪರೇಷನ್ ಆದ ಮೇಲೆ.

ಸ್ಕ್ಯಾನಿಂಗ್: ಇಲ್ಲಿ ಅವಸರ ಬೇಡ

ಎಲ್ಲಕ್ಕಿಂತ ಜಾಸ್ತಿ ತಿಳಿಯುವುದು ಅಲ್ಟ್ರಾಸೌಂಡ್‌ನಿಂದ. ನೋವಿಲ್ಲ, ವಿಕಿರಣವಿಲ್ಲ, ಹೊಟ್ಟೆ ಖಾಲಿ ಇರಬೇಕಾಗಿಲ್ಲ. ನನ್ನ ಮಗಳಿಗೆ "ಹೊಟ್ಟೆಯಲ್ಲಿ ಪಾಪು ನೋಡುವ ಅದೇ ಮೆಷಿನ್ನು, ಜೆಲ್ ತಣ್ಣಗಿರುತ್ತೆ, ಅಷ್ಟೇ" ಅಂದಿದ್ದೆ. ಅಳು ಇಲ್ಲದೆ ಮುಗಿಯಿತು.

ಮೊದಲೇ ಕೇಳಿ: ಮಕ್ಕಳ ಥೈರಾಯ್ಡ್ ನೋಡಿ ಅಭ್ಯಾಸ ಇರುವವರು ಮಾಡುತ್ತಾರಾ? ಕುತ್ತಿಗೆಯ ಎರಡೂ ಬದಿಯ ದುಗ್ಧಗ್ರಂಥಿಗಳನ್ನೂ ನೋಡುತ್ತಾರಾ? ಬರೀ ಥೈರಾಯ್ಡ್ ನೋಡಿ "ಗಂಟು ಇದೆ, 18 ಮಿಲಿಮೀಟರ್" ಅಂತ ಒಂದೇ ಸಾಲು ಬರೆದ ರಿಪೋರ್ಟ್ ಸಾಲದು. ಗಂಟಿನ ಮೂರೂ ಅಳತೆ ಇರಬೇಕು. ಗಟ್ಟಿಯಾ, ನೀರು ತುಂಬಿದೆಯಾ, ಎರಡೂ ಸೇರಿದೆಯಾ ಅಂತ ಇರಬೇಕು. ಸುತ್ತಲಿನ ಗ್ರಂಥಿಗಿಂತ ಕಪ್ಪಾಗಿ ಕಾಣುತ್ತದಾ, ಅಂಚು ನುಣುಪಾಗಿದೆಯಾ ಒರಟಾಗಿದೆಯಾ, ಒಳಗೆ ಸಾಸಿವೆಗಿಂತ ಸಣ್ಣ ಬಿಳಿ ಚುಕ್ಕೆಗಳಿವೆಯಾ, ಅಗಲಕ್ಕಿಂತ ಆಳ ಜಾಸ್ತಿಯಾ, ರಕ್ತ ಹರಿವು ಹೇಗಿದೆ, ಇವೆಲ್ಲ ಬೇಕು. ಪೂರ್ತಿ ನೀರು ತುಂಬಿದ ಗುಳ್ಳೆ ಆದರೆ ನಿರಾಳ. ಗಟ್ಟಿ, ಕಪ್ಪು, ಒರಟು ಅಂಚು, ಬಿಳಿ ಚುಕ್ಕೆ, ಪಕ್ಕದ ದುಗ್ಧಗ್ರಂಥಿಯ ಆಕಾರ ಕೆಟ್ಟಿರುವುದು, ಇವು ಅನುಮಾನದ ಗುರುತುಗಳು. ಮಕ್ಕಳಲ್ಲಿ ಕೆಲವೊಮ್ಮೆ ಬೇರೆ ಗಂಟೇ ಇಲ್ಲದೆ ಇಡೀ ಗ್ರಂಥಿ ಊದಿ, ತುಂಬಾ ಬಿಳಿ ಚುಕ್ಕೆಗಳು ಹರಡಿರುತ್ತವೆ. ಅದೂ ಒಂದು ಬಗೆಯ ಪ್ಯಾಪಿಲರಿ ಕ್ಯಾನ್ಸರ್ (ಮಕ್ಕಳಲ್ಲಿ ಹೆಚ್ಚಾಗಿ ಕಾಣುವ ಥೈರಾಯ್ಡ್ ಕ್ಯಾನ್ಸರ್) ಇರಬಹುದು.

ಗಾತ್ರದ ವಿಷಯ ಬೇರೆಯಾಗಿಯೇ ಹೇಳಬೇಕು. ದೊಡ್ಡವರಲ್ಲಿ 1 ಸೆಂಟಿಮೀಟರಿಗಿಂತ ಸಣ್ಣದಾದರೆ ಸಾಮಾನ್ಯವಾಗಿ ಸೂಜಿ ಹಾಕದೆ ಕಾಯುತ್ತಾರೆ. 5 ವರ್ಷದ ಮಗುವಿನ ಥೈರಾಯ್ಡ್ ಎಷ್ಟಿರುತ್ತೆ, ಅಮ್ಮನ ಥೈರಾಯ್ಡ್ ಎಷ್ಟಿರುತ್ತೆ, ಎರಡಕ್ಕೂ ಒಂದೇ ಅಳತೆ ಹೇಗೆ ಸರಿಹೋಗುತ್ತೆ ಅಲ್ವಾ? ಹಾಗಾಗಿ ಮಕ್ಕಳಲ್ಲಿ ಗಾತ್ರಕ್ಕಿಂತ ಗಂಟಿನ ಲಕ್ಷಣ ಮುಖ್ಯ. ರಿಪೋರ್ಟ್‌ನಲ್ಲಿ ಟಿರಾಡ್ಸ್ ಅಂತ ಒಂದು ಅಂಕ ಕೊಟ್ಟಿರುತ್ತಾರೆ. ಅದು ದೊಡ್ಡವರಿಗೆಂದು ಮಾಡಿದ ಲೆಕ್ಕ. ಅಂಕ ಕಡಿಮೆ ಇದೆ ಅನ್ನುವ ಒಂದೇ ಕಾರಣಕ್ಕೆ ಮಗುವಿನ ಗಂಟನ್ನು ಬಿಟ್ಟುಬಿಡಬಾರದು.

ಇದರ ಉಲ್ಟಾ ಕೂಡ ಆಗುತ್ತದೆ. ಎದೆಯೊಳಗೆ ಇರಬೇಕಾದ ಥೈಮಸ್ ಗ್ರಂಥಿಯ ಒಂದು ಚೂರು ಕೆಲವು ಮಕ್ಕಳಲ್ಲಿ ಥೈರಾಯ್ಡ್ ಒಳಗೇ ಉಳಿದಿರುತ್ತದೆ. ಸ್ಕ್ಯಾನಿಂಗ್‌ನಲ್ಲಿ ಅದು ಕಪ್ಪಗೆ, ಬಿಳಿ ಚುಕ್ಕೆಗಳ ಜೊತೆ, ಥೇಟ್ ಕೆಟ್ಟ ಗಂಟಿನಂತೆಯೇ ಕಾಣುತ್ತದೆ. ಅಭ್ಯಾಸ ಇರುವವರು ನೋಡಿದ ತಕ್ಷಣ ಗುರುತಿಸುತ್ತಾರೆ, ಮಗುವಿಗೆ ಸೂಜಿ ತಪ್ಪುತ್ತದೆ. ಅದಕ್ಕೇ ಅನುಭವಿಗಳ ಹತ್ತಿರವೇ ಸ್ಕ್ಯಾನಿಂಗ್ ಮಾಡಿಸಿ ಅಂತ ಇಷ್ಟು ಹೇಳುತ್ತಿರುವುದು.

ಸೂಜಿ ಪರೀಕ್ಷೆ

ಇದಕ್ಕೆ ಎಫ್ಎನ್ಎಸಿ ಅನ್ನುತ್ತಾರೆ. ತೆಳು ಸೂಜಿಯಿಂದ ಗಂಟಿನ ಕೆಲವು ಜೀವಕೋಶ ತೆಗೆದು ನೋಡುವುದು. ಮಕ್ಕಳಲ್ಲಿ ಇದನ್ನು ಸ್ಕ್ಯಾನಿಂಗ್ ನೋಡಿಕೊಂಡೇ ಮಾಡಬೇಕು, ಕೈಯಿಂದ ಮುಟ್ಟಿ ಅಂದಾಜಿನಲ್ಲಿ ಚುಚ್ಚುವುದಕ್ಕೆ ಒಪ್ಪಬೇಡಿ. ದೊಡ್ಡ ಮಕ್ಕಳಿಗೆ ಚರ್ಮಕ್ಕೆ ಮರಗಟ್ಟಿಸುವ ಔಷಧಿ ಸಾಕಾಗುತ್ತದೆ, ಚಿಕ್ಕವರಿಗೆ ಮಂಪರು ಕೊಡುತ್ತಾರೆ. ನಮ್ಮ ಅತ್ತೆಯವರು "ಸೂಜಿ ಮುಟ್ಟಿದರೆ ಗಂಟು ಹರಡುತ್ತೆ" ಅಂತ ತುಂಬಾ ಹೆದರಿದ್ದರು. ಎಷ್ಟೋ ಮನೆಗಳಲ್ಲಿ ಇದೇ ಭಯದಿಂದ ಪರೀಕ್ಷೆ ಮುಂದೆ ಹೋಗುತ್ತದೆ. ಆ ಕಾರಣಕ್ಕೆ ಸೂಜಿ ಪರೀಕ್ಷೆ ತಡಮಾಡಬೇಡಿ. ಹರಡೀತು ಅನ್ನುವ ಭಯಕ್ಕಿಂತ ಗಂಟು ಏನು ಅಂತ ಗೊತ್ತಾಗದೆ ಉಳಿಯುವುದೇ ದೊಡ್ಡ ಅಪಾಯ. ಮಗುವಿಗೆ ಸುಳ್ಳು ಹೇಳಬೇಡಿ. ಚುಚ್ಚುತ್ತೆ, ಸ್ವಲ್ಪ ಹೊತ್ತು ನುಂಗಬಾರದು, ಮಾತಾಡಬಾರದು, ನಾನು ಕೈ ಹಿಡಿದಿರುತ್ತೇನೆ ಅಂತ ಹೇಳಿ.

ರಿಪೋರ್ಟ್‌ನಲ್ಲಿ ಬೆಥೆಸ್ಡಾ ಅನ್ನುವ ಪದ್ಧತಿಯ ಪ್ರಕಾರ 1ರಿಂದ 6ರವರೆಗೆ ಒಂದು ಸಂಖ್ಯೆ ಇರುತ್ತದೆ. 2023ರ ಪರಿಷ್ಕೃತ ಪದ್ಧತಿಯಲ್ಲಿ ಮಕ್ಕಳ ಲೆಕ್ಕವನ್ನು ಬೇರೆಯಾಗಿ ಕೊಟ್ಟಿದ್ದಾರೆ. 1 ಅಂದರೆ ಜೀವಕೋಶ ಸಾಕಷ್ಟು ಸಿಕ್ಕಿಲ್ಲ. ಇದು "ಏನೂ ಇಲ್ಲ" ಅಂತ ಅರ್ಥವಲ್ಲ, ಸಾಮಾನ್ಯವಾಗಿ 3 ತಿಂಗಳು ಬಿಟ್ಟು ಮತ್ತೆ ತೆಗೆಯುತ್ತಾರೆ. 2 ಅಂದರೆ ಅಪಾಯವಿಲ್ಲದ್ದು, ಆದರೂ ಕ್ಯಾನ್ಸರ್ ಸಾಧ್ಯತೆ 100ಕ್ಕೆ ಸುಮಾರು 6 ಉಳಿಯುತ್ತದೆ, ಹಾಗಾಗಿ ಕಣ್ಣಿಟ್ಟಿರಬೇಕು. 3ರಲ್ಲಿ ಸುಮಾರು 28, 4ರಲ್ಲಿ ಸುಮಾರು 50. 5ರಲ್ಲಿ 80 ದಾಟುತ್ತದೆ. 6 ಅಂದರೆ ಹೆಚ್ಚುಕಡಿಮೆ ಖಚಿತ.

ಈ 3 ಮತ್ತು 4 ಬಂದವರ ಸಂಕಟ ನನಗೆ ಗೊತ್ತು, ನನ್ನ ಮಗಳದು 4. ಹೌದು ಅಂತಲೂ ಇಲ್ಲ, ಅಲ್ಲ ಅಂತಲೂ ಇಲ್ಲ. ನಾನು ಡಾಕ್ಟರನ್ನು "ಇನ್ನೊಂದು ಸಲ ಸೂಜಿ ಹಾಕಿ ನೋಡಬಾರದಾ ಸರ್" ಅಂತ ಕೇಳಿದೆ. ಅವರು ತಾಳ್ಮೆಯಿಂದ ವಿವರಿಸಿದರು. ಅವಳದರಂಥ, ಫಾಲಿಕ್ಯುಲರ್ ಅನ್ನುವ ಬಗೆಯ ಗಂಟು ಒಳ್ಳೆಯದಾ ಕೆಟ್ಟದ್ದಾ ಅಂತ ಗೊತ್ತಾಗುವುದು ಅದರ ಸುತ್ತಲಿನ ಪೊರೆಯನ್ನು ಜೀವಕೋಶಗಳು ದಾಟಿವೆಯಾ ಅನ್ನುವುದರಿಂದ. ಸೂಜಿಯಲ್ಲಿ ಬರುವುದು ಒಂದಿಷ್ಟು ಬಿಡಿ ಜೀವಕೋಶಗಳು, ಪೊರೆ ಬರುವುದಿಲ್ಲ. ಇಡೀ ಗಂಟು ಕೈಗೆ ಸಿಕ್ಕಾಗಲೇ ಉತ್ತರ. ಮಕ್ಕಳಲ್ಲಿ 3, 4 ಬಂದರೆ ಆ ಕಡೆಯ ಅರ್ಧ ಥೈರಾಯ್ಡ್ ತೆಗೆಯುವ ಸಲಹೆ ಜಾಸ್ತಿ ಕೊಡುವುದು ಇದಕ್ಕೇ. ಕೆಲವು ಕಡೆ ಜೀವಕೋಶಗಳ ಜೀನ್ ಪರೀಕ್ಷೆಯೂ ಮಾಡುತ್ತಾರೆ, ಸಿಗುತ್ತದಾ ಅಂತ ಕೇಳಿ.

ಬೆಥೆಸ್ಡಾ 2 ಬಂದರೆ

6ರಿಂದ 12 ತಿಂಗಳಿಗೆ ಮತ್ತೆ ಸ್ಕ್ಯಾನಿಂಗ್. ಸಾಧ್ಯವಾದರೆ ಅದೇ ಜಾಗದಲ್ಲಿ, ಹಳೆಯ ಚಿತ್ರಗಳ ಜೊತೆ ಹೋಗಿ. ಬೆಳೆದಿದ್ದರೆ ಅಥವಾ ಹೊಸ ಗುರುತು ಕಂಡರೆ ಮತ್ತೆ ಸೂಜಿ. ಗಂಟು 4 ಸೆಂಟಿಮೀಟರ್ ದಾಟಿದರೆ, ಒತ್ತುತ್ತಿದ್ದರೆ, ಆಪರೇಷನ್ ಬಗ್ಗೆ ಮಾತಾಡುತ್ತಾರೆ. ಗಂಟು ಕರಗಲಿ ಅಂತ ಸುಮ್ನೆ ಥೈರಾಕ್ಸಿನ್ (ಥೈರಾಯ್ಡ್ ಹಾರ್ಮೋನ್) ಮಾತ್ರೆ ಕೊಡುವ ಹಳೆಯ ರೂಢಿಯನ್ನು ಈಗ ಶಿಫಾರಸು ಮಾಡುವುದಿಲ್ಲ.

ಆಪರೇಷನ್ ಬೇಕು ಅಂದರೆ

ಸರ್ಜನ್ ಯಾರು ಅನ್ನುವುದೇ ಇಲ್ಲಿ ಮುಖ್ಯ. ಮಾರ್ಗಸೂಚಿ ಹೇಳುವ ಅಳತೆ, ವರ್ಷಕ್ಕೆ ಕನಿಷ್ಠ 30 ಇಂಥ ಕುತ್ತಿಗೆಯ ಗ್ರಂಥಿ ಆಪರೇಷನ್ ಮಾಡುವ ಕೈ. "ವರ್ಷಕ್ಕೆ ಎಷ್ಟು ಮಾಡ್ತೀರಿ ಡಾಕ್ಟ್ರೇ, ಮಕ್ಕಳಿಗೆ ಎಷ್ಟು" ಅಂತ ಕೇಳುವುದು ಅಗೌರವವಲ್ಲ. ಯಾಕೆ ಕೇಳಬೇಕು ಅಂದರೆ, ಥೈರಾಯ್ಡ್ ಹಿಂದೆಯೇ ದನಿಯ ನರ ಹಾದುಹೋಗುತ್ತದೆ, ಕ್ಯಾಲ್ಸಿಯಂ ಕಾಯುವ ಅಕ್ಕಿಕಾಳಿನಷ್ಟು ಸಣ್ಣ ನಾಲ್ಕು ಪ್ಯಾರಾಥೈರಾಯ್ಡ್ ಗ್ರಂಥಿಗಳೂ ಅಲ್ಲೇ ಅಂಟಿಕೊಂಡಿರುತ್ತವೆ. ಪೂರ್ತಿ ಥೈರಾಯ್ಡ್ ತೆಗೆದ ಮೇಲೆ ಮಗು ತುಟಿ, ಬೆರಳ ತುದಿ ಜುಮ್ಮೆನ್ನುತ್ತೆ ಅಂದರೆ, ಕೈ ಸೆಟೆದುಕೊಂಡರೆ, ಕ್ಯಾಲ್ಸಿಯಂ ಇಳಿದಿದೆ ಅಂತ. ತಕ್ಷಣ ನರ್ಸಿಗೆ ಹೇಳಿ. ಮನೆಗೆ ಬಂದ ಮೇಲಾದರೆ ರಾತ್ರಿಯಾದರೂ ಆಸ್ಪತ್ರೆಗೆ ಹೋಗಿ, ಬೆಳಗಾಗಲಿ ಅಂತ ಕಾಯಬೇಡಿ.

ದುಡ್ಡಿನ ವಿಷಯ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದೆ. ಎಪಿಎಲ್ ಆದರೆ ಪ್ಯಾಕೇಜ್ ದರದ ಶೇ. 30ರಷ್ಟು, ವರ್ಷಕ್ಕೆ 1.5 ಲಕ್ಷದವರೆಗೆ. ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಬೇಕು, ಅಲ್ಲಿ ಆಗದಿದ್ದರೆ ರೆಫರಲ್ ಚೀಟಿ ಬರೆಸಿಕೊಳ್ಳಬೇಕು. ಅಡ್ಮಿಟ್ ಆಗುವ ಮುಂಚೆಯೇ ಆಸ್ಪತ್ರೆಯಲ್ಲಿ ಈ ಯೋಜನೆಗೆ ಸಹಾಯ ಮಾಡುವ ಆರೋಗ್ಯ ಮಿತ್ರರನ್ನು ಕಂಡು, ನಿಮ್ಮ ಮಗುವಿನ ಆಪರೇಷನ್ ಯಾವ ಪ್ಯಾಕೇಜಿಗೆ ಬರುತ್ತದೆ ಅಂತ ಕೇಳಿ. ಬಿಲ್ ಆದ ಮೇಲೆ ಓಡಾಡಿದರೆ ಕಷ್ಟ.

ಕ್ಯಾನ್ಸರ್ ಅಂತಲೇ ಬಂದರೆ

ಕೂತು ಅಳಬೇಕೆನಿಸಿದರೆ ಅತ್ತುಬಿಡಿ. ಆಮೇಲೆ ಇದನ್ನು ಓದಿ. ಮಕ್ಕಳ ಥೈರಾಯ್ಡ್ ಕ್ಯಾನ್ಸರ್‌ನಲ್ಲಿ ಹೆಚ್ಚಿನವು ಪ್ಯಾಪಿಲರಿ ಬಗೆ. ಅದು ಮಕ್ಕಳಲ್ಲಿ ಕುತ್ತಿಗೆಯ ದುಗ್ಧಗ್ರಂಥಿಗಳಿಗೆ ದೊಡ್ಡವರಿಗಿಂತ ಜಾಸ್ತಿ ಹರಡಿರುತ್ತದೆ, ಕೇಳಲು ಭಯವಾಗುತ್ತದೆ, ಆದರೂ ಹಾಗೆ ಹರಡಿದ್ದ ಮಕ್ಕಳು ಕೂಡ ಬಹುಪಾಲು ಎಲ್ಲರೂ ದೊಡ್ಡವರಾಗಿ ತಮ್ಮ ಬದುಕು ನಡೆಸುತ್ತಾರೆ. ಸಾಮಾನ್ಯವಾಗಿ ಇಡೀ ಥೈರಾಯ್ಡ್ ತೆಗೆಯುತ್ತಾರೆ. ರೇಡಿಯೋ ಅಯೋಡಿನ್ ಚಿಕಿತ್ಸೆ, ಅಂದರೆ ಉಳಿದ ಥೈರಾಯ್ಡ್ ಜೀವಕೋಶ ಸಾಯಲೆಂದು ವಿಕಿರಣ ಅಯೋಡಿನ್ ನುಂಗಿಸುವುದು, ಎಲ್ಲ ಮಕ್ಕಳಿಗೂ ಬೇಡ. ಯಾಕೆ ಕೊಡುತ್ತಿದ್ದೀರಿ, ಕೊಡದಿದ್ದರೆ ಏನಾಗುತ್ತೆ ಅಂತ ಕೇಳಿ ತಿಳಿದುಕೊಳ್ಳಿ. ಕೊಡುವುದಾದರೆ ಮುಂಚೆ ಕೆಲವು ದಿನ ಅಯೋಡಿನ್ ಕಡಿಮೆ ಇರುವ ಊಟ, ಆಮೇಲೆ ಸ್ವಲ್ಪ ದಿನ ಮನೆಯ ಪುಟ್ಟ ಮಕ್ಕಳಿಂದ, ಬಸುರಿಯರಿಂದ ದೂರ.

ಮಾತ್ರೆ, ಊಟ, ಉಪ್ಪು

ಪೂರ್ತಿ ಥೈರಾಯ್ಡ್ ತೆಗೆದ ಮಗುವಿಗೆ ಥೈರಾಕ್ಸಿನ್ ಜೀವನಪೂರ್ತಿ ಬೇಕು. ಅರ್ಧ ತೆಗೆದರೆ ಕೆಲವರಿಗೆ ಬೇಕಾಗುತ್ತದೆ, ಕೆಲವರಿಗೆ ಇಲ್ಲ, 6ರಿಂದ 8 ವಾರಕ್ಕೆ ಟಿಎಸ್ಎಚ್ ನೋಡಿ ತೀರ್ಮಾನಿಸುತ್ತಾರೆ. ಬೆಳಿಗ್ಗೆ ಎದ್ದ ಕೂಡಲೇ, ಖಾಲಿ ಹೊಟ್ಟೆಗೆ, ನೀರಿನ ಜೊತೆ. ಆಮೇಲೆ ಅರ್ಧದಿಂದ ಒಂದು ಗಂಟೆ ಹಾಲು, ಕಾಫಿ, ರಾಗಿ ಮಾಲ್ಟ್ ಏನೂ ಬೇಡ. ಕಬ್ಬಿಣದ ಮಾತ್ರೆ, ಕ್ಯಾಲ್ಸಿಯಂ ಮಾತ್ರೆಗೆ 4 ಗಂಟೆ ಅಂತರ ಇರಲಿ. ಸ್ಕೂಲಿನಲ್ಲಿ ವಾರಕ್ಕೊಂದು ನೀಲಿ ಕಬ್ಬಿಣದ ಮಾತ್ರೆ ಕೊಡುತ್ತಾರಲ್ಲ, ಅದನ್ನು ಮಧ್ಯಾಹ್ನದ ಊಟ ಆದ ಮೇಲೆ ಕೊಡಿ ಅಂತ ಟೀಚರಿಗೆ ಹೇಳಿಡಿ. ನಾವು ಈ ಅಂತರ ಪಾಲಿಸುತ್ತೇವೆ.

ಎಲೆಕೋಸು, ಹೂಕೋಸು ಬಿಡಿಸಬೇಕಾ ಅಂತ ಎಲ್ಲರೂ ಕೇಳುತ್ತಾರೆ. ಬೇಯಿಸಿ, ಮಿತವಾಗಿ ತಿಂದರೆ ತೊಂದರೆಯಿಲ್ಲ. ಉಪ್ಪು ಮಾತ್ರ ಅಯೋಡಿನ್ ಇರುವುದೇ ಇರಲಿ. ಈಗ ಆರೋಗ್ಯಕ್ಕೆ ಒಳ್ಳೆಯದು ಅಂತ ಎಷ್ಟೋ ಮನೆಗಳಲ್ಲಿ ಪೂರ್ತಿ ಸೈಂಧವ ಲವಣಕ್ಕೆ ಬದಲಾಗಿದ್ದಾರೆ. ಅದರಲ್ಲಿ ಬೇಕಾದಷ್ಟು ಅಯೋಡಿನ್ ಇರುವುದಿಲ್ಲ. ಅಯೋಡಿನ್ ಕೊರತೆಯಿಂದಲೂ ಗಳಗಂಡ, ಗಂಟು ಬರುತ್ತವೆ. ಉಪ್ಪಿನ ಡಬ್ಬಿ ಮುಚ್ಚಿ, ಒಲೆಯಿಂದ ದೂರ ಇಡಿ. ಹಾಗಂತ ಅಂಗಡಿಯಲ್ಲಿ ಸಿಗುವ ಅಯೋಡಿನ್ ಹನಿ, ಕಡಲಪಾಚಿ ಮಾತ್ರೆ ನೀವೇ ತಂದು ಕೊಡಬೇಡಿ.

ಕೊನೆಯದಾಗಿ ಫೈಲ್. ಎಲ್ಲ ರಿಪೋರ್ಟ್, ಸ್ಕ್ಯಾನಿಂಗ್ ಚಿತ್ರ, ಎಫ್ಎನ್ಎಸಿ ಸ್ಲೈಡ್, ಆಪರೇಷನ್ ಟಿಪ್ಪಣಿ, ತೆಗೆದ ಗಂಟಿನ ಬಯಾಪ್ಸಿ, ತಾರೀಖಿನ ಪ್ರಕಾರ ಜೋಡಿಸಿ. ಸ್ಲೈಡ್ ನಿಮ್ಮ ಮಗುವಿನದು, ಇನ್ನೊಬ್ಬರ ಅಭಿಪ್ರಾಯಕ್ಕೆ ಬೇಕು ಅಂತ ಕೇಳಿ ಪಡೆಯಬಹುದು. ಎಲ್ಲದರ ಫೋಟೊ ತೆಗೆದು ಫೋನಿನಲ್ಲೂ ಇಟ್ಟುಕೊಳ್ಳಿ. ಮಗು ಹದಿನೆಂಟಾಗಿ ದೊಡ್ಡವರ ವಿಭಾಗಕ್ಕೆ ಹೋಗುವಾಗ ಹೊಸ ಡಾಕ್ಟರ್ ಕೇಳುವುದೇ ಇದನ್ನು. ನನ್ನ ಮಗಳಿಗೆ ಈಗ 15, ಮುಂದಿನ ಸ್ಕ್ಯಾನಿಂಗ್ ಅವಳ ಸ್ಕೂಲಿನ ಪರೀಕ್ಷೆ ಮುಗಿದ ವಾರ. ಈ ಸಲ ಫೈಲ್ ಅವಳ ಕೈಯಲ್ಲೇ ಕೊಟ್ಟಿದ್ದೇನೆ.